ಕುಣಿತದಕ್ಕನ ಕೋಣೆ

ಮಂಗಳವಾರ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಆಸ್ಪತ್ರೆಯ ಸೂಪರಿಂಟೆಂಡೆಂಟರು ಬಡಗಿಯನ್ನು ಬೆನ್ನಿಗೆ ಕಟ್ಟಿಕೊಂಡು, ಅಳತೆಯ ಟೇಪು ಹಿಡಿದು, ಕುಣಿತದಕ್ಕನ ಕೋಣೆಯ ಬಾಗಿಲು ತಳ್ಳಿದರು. ಕೋಣೆ ಖಾಲಿಯಿರುತ್ತದೆಂದು ಎಣಿಸಿದ್ದರು. ನೋಡಿದರೆ ಆರು ಜನ ಕ್ಯಾನ್ಸರ್ ರೋಗಿಗಳು ಅರ್ಧಚಂದ್ರನಂತೆ ಕುರ್ಚಿ ಹಾಕಿಕೊಂಡು, ಸಿನಿಮಾ ಶುರುವಾಗಲೆಂದು ಕಾಯುವವರ ಹಾಗೆ ಕೂತಿದ್ದರು.

"ಇದೇನಿದು? ನಿಮ್ಮಕ್ಕ ಹೋಗಿ ಐದು ದಿನ ಆಯ್ತು. ಅಂತ್ಯಕ್ರಿಯೆಗೆ ಆಫೀಸಿಂದ ಹೂ ಕಳಿಸಿದ್ದೂ ಆಯ್ತು."

"ಅಕ್ಕ ಹೋದ್ರು ಸಾರ್, ಮಂಗಳವಾರ ಎಲ್ಲಿಗೆ ಹೋಗುತ್ತೆ?" ಎಂದಳು, ಬೋಳುತಲೆಗೆ ಹಳದಿ ವಸ್ತ್ರ ಸುತ್ತಿಕೊಂಡಿದ್ದ ಟೈಲರಮ್ಮ.

ಕುಣಿತದಕ್ಕ ಆ ಆಸ್ಪತ್ರೆಯಲ್ಲಿ ನೃತ್ಯ ಚಿಕಿತ್ಸೆ ಕೊಡುತ್ತಿದ್ದವಳು. ತಾನೂ ಒಂದು ಕಾಲಕ್ಕೆ ಅದೇ ವಾರ್ಡಿನಲ್ಲಿ ಮಲಗಿ ಎದ್ದವಳು. ಕಿಮೋ ಮುಗಿಸಿ ಗೋಡೆ ಹಿಡಿದು ನಡೆಯುವವರನ್ನು ಕರೆತಂದು ಕುಣಿಸುತ್ತಿದ್ದಳು. ಕಾಲು ಏಳದಿದ್ದರೆ ಕೈ, ಕೈ ಏಳದಿದ್ದರೆ ಹುಬ್ಬು. ಮಿಕ್ಕ ಹೊತ್ತೆಲ್ಲ ಅವರ ಪರವಾಗಿ ಜಗಳ. ಸ್ಕ್ಯಾನಿಂಗ್ ಕೋಣೆಗೆ ಪರದೆ ಬಂದದ್ದು, ಕಾಯುವವರಿಗೆ ಒರಗುವ ಕುರ್ಚಿ ಬಂದದ್ದು ಅವಳ ಬಾಯಿಗೆ ಹೆದರಿಯೇ. ಈ ಕೋಣೆಗಾಗಿಯಂತೂ ಮೂರು ತಿಂಗಳು ತನ್ನ ಪಡೆಯನ್ನು ಸೂಪರಿಂಟೆಂಡೆಂಟರ ಬಾಗಿಲೆದುರೇ ಕುಣಿಸಿದ್ದಳು. ತಲೆಕೆಟ್ಟು ಅವರು ಆದೇಶ ಬರೆದರು. ಬರೆಯುವಾಗ ಕೊನೆಗೊಂದು ಕೊಕ್ಕೆ ಸಿಕ್ಕಿಸಿದರು: ವಾರಕ್ಕೊಂದು ತರಗತಿ ಆಗಲೇಬೇಕು, ನಡೆಸುವವರು ಆಸ್ಪತ್ರೆಯ ಸಿಬ್ಬಂದಿಯೇ ಆಗಿರಬೇಕು, ಒಂದು ವಾರ ತಪ್ಪಿದರೂ ಕೋಣೆ ವಾಪಸ್. ಏಳು ಕಡಲಿನಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇರುವಂತೆ ಸೂಪರಿಂಟೆಂಡೆಂಟರ ಜೀವ ಹಳೆಯ ಕಡತಗಳಲ್ಲಿತ್ತು. ಆ ಕಡತಗಳಿಗೆ ಒಂದು ಕೋಣೆ ಬೇಕಿತ್ತು.

"ಹೇಳಿ, ಇವತ್ತು ನಡೆಸೋರು ಯಾರು?"

ಆರು ಕತ್ತುಗಳು ಕುಣಿತದಕ್ಕ ನಿಲ್ಲುತ್ತಿದ್ದ ಜಾಗದತ್ತ ತಿರುಗಿದವು.

"ನೋಡಿದ್ರಾ. ಅದೂ ಅಲ್ದೆ ಈ ನೆಲ ಸಮ ಇಲ್ಲ. ಬಿದ್ದುಗಿದ್ದು ಸೊಂಟ ಮುರ್ಕೊಂಡ್ರೆ ನನ್ನ ತಲೆಗೆ ಬರುತ್ತೆ."

"ನೆಲ ಡೊಂಕು ಅಂತ ಕುಣಿಯೋರು ಹೇಳೋದು ವಾಡಿಕೆ ಸಾರ್," ಎಂದ ಡ್ರೈವರಣ್ಣ. ಮೂವತ್ತು ವರ್ಷ ಬಸ್ಸು ಓಡಿಸಿದವನು; ಗಂಟಲಿನ ಆಪರೇಷನ್ ಆದಮೇಲೆ ಪಿಸುದನಿಯೊಂದೇ ಉಳಿದಿತ್ತು, ಅದನ್ನೇ ಹಾರ್ನಿನಂತೆ ಬಳಸುತ್ತಿದ್ದ. "ಕೂತು ಸಹಿ ಹಾಕೋರು ಹೇಳಿದ್ದು ಇದೇ ಮೊದಲು."

ಬಡಗಿ ನಕ್ಕುಬಿಟ್ಟು, ಕೆಮ್ಮಿದವನಂತೆ ನಟಿಸಿದ.

ಸೂಪರಿಂಟೆಂಡೆಂಟರು ಎಚ್ಚರಿಕೆ ಕೊಡಲು ತೋರುಬೆರಳು ಎತ್ತಿದರು. ಎದುರಿಗೆ ಆರು ತೋರುಬೆರಳು ಎದ್ದವು. ಅವರು ಇಳಿಸಿದರು. ಆರೂ ಇಳಿದವು. ಅವರು ಕನ್ನಡಕ ಸರಿಮಾಡಿಕೊಂಡರೆ, ಕನ್ನಡಕವೇ ಇಲ್ಲದವರೂ ಮೂಗಿನ ಮೇಲೆ ಸರಿಮಾಡಿಕೊಂಡರು. ಅವರು ಸೊಂಟದ ಮೇಲೆ ಕೈಯಿಟ್ಟು ಕೆಕ್ಕರಿಸಿದರು. ಆರು ಜನ ಸೊಂಟದ ಮೇಲೆ ಕೈಯಿಟ್ಟು, ಅವರಿಗಿಂತ ಚೆನ್ನಾಗಿ ಕೆಕ್ಕರಿಸಿದರು.

"ಏನು, ಅಣಕಿಸ್ತಿದ್ದೀರಾ ನನ್ನ?"

"ಛೆ, ಇಲ್ಲ ಸಾರ್. ಇದೇ ನಮ್ಮ ಪಾಠ," ಎಂದಳು ಟೈಲರಮ್ಮ. "ಒಬ್ರು ಮುಂದೆ ನಿಂತು ಏನು ಮಾಡ್ತಾರೋ ಮಿಕ್ಕೋರು ಅದನ್ನೇ ಮಾಡ್ಬೇಕು. ಆಸ್ಪತ್ರೇಲಿ ರೋಗಿಗಳ ಮಾತು ಯಾರೂ ಕೇಳಲ್ಲ, ಇಲ್ಲಾದ್ರೂ ನಾಲ್ಕು ಜನ ಕೇಳ್ಲಿ ಅಂತಿದ್ರು ಅಕ್ಕ. ಇವತ್ತು ಮುಂದೆ ನೀವು ನಿಂತಿದ್ದೀರಿ." ಮಾತಾಡುತ್ತಲೇ ತೊಡೆಯ ಮೇಲಿನ ಹಾಜರಿ ಪುಸ್ತಕ ಬಿಡಿಸಿ ಬರೆದಳು. "ನಡೆಸಿದವರು, ಸೂಪರಿಂಟೆಂಡೆಂಟ್ ಸಾಹೇಬರು. ಸಿಬ್ಬಂದಿ ತಾನೇ ನೀವು?"

"ಹೊಡೆದು ಹಾಕಿ ಅದನ್ನ."

"ಪೆನ್ನಲ್ಲಿ ಬರ್ದಾಯ್ತಲ್ಲ. ಹಾಜರಿ ಪುಸ್ತಕದಲ್ಲಿ ಹೊಡೆದು ತಿದ್ದಬಾರ್ದು ಅಂತ ಸುತ್ತೋಲೆ ಬಂದಿದ್ದು ನಿಮ್ಮಿಂದಾನೇ ಸಾರ್."

ಸೂಪರಿಂಟೆಂಡೆಂಟರು ಅಷ್ಟೂ ಜನಕ್ಕೆ ಬೆನ್ನು ಹಾಕಿ ಗೋಡೆಯತ್ತ ತಿರುಗಿದರು. "ಇವ್ರ ಹತ್ರ ಏನು ಮಾತು. ಅಳತೆ ಬರ್ಕೊಳ್ಳಪ್ಪ," ಎಂದು ಬಡಗಿಗೆ ಹೇಳಿ, ಟೇಪಿನ ತುದಿ ಹಿಡಿದು ಬಲಗೈಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ದರು. ಕಡತದ ಕಪಾಟು ಸೂರು ಮುಟ್ಟಬೇಕಿತ್ತು. ಹಿಂದಿನಿಂದ ಕಿಸಕ್ಕೆಂದು ನಗು ಬರುತ್ತದೆಂದು ಕಾದರು. ಬರಲಿಲ್ಲ. ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಅನುಮಾನವಾಗಿ, ಕೈ ಅಲ್ಲೇ ಬಿಟ್ಟು ಕತ್ತು ಮಾತ್ರ ತಿರುಗಿಸಿದರು.

ಐದು ಕೈಗಳು ಮೇಲಿದ್ದವು. ಆದರೆ ಕೈಯೆತ್ತಿದ್ದ ಐವರೂ ನೋಡುತ್ತಿದ್ದದ್ದು ಕೊನೆಯ ಕುರ್ಚಿಯನ್ನು. ಅಲ್ಲಿದ್ದವಳು ಒಬ್ಬ ಶಾಲಾ ಟೀಚರ್. ಎದೆಯ ಆಪರೇಷನ್ ಆಗಿ ಹತ್ತು ವಾರ ಕಳೆದರೂ ಅವಳ ಬಲಗೈ ಭುಜದ ಮಟ್ಟಕ್ಕೆ ಏರಿರಲಿಲ್ಲ. ಡಾಕ್ಟರು ಗದರಿ ಸೋತಿದ್ದರು, ಕುಣಿತದಕ್ಕ ಪುಸಲಾಯಿಸಿ ಸೋತಿದ್ದಳು. ಬೋರ್ಡಿನ ಮೇಲ್ತುದಿಗೆ ತಾರೀಖು ಬರೆಯಲಾಗದವಳು ಶಾಲೆಗೆ ಹೋಗಿ ಏನು ಮಾಡಲಿ ಎಂದು ರಾಜೀನಾಮೆ ಬರೆದಿಟ್ಟುಕೊಂಡಿದ್ದಳು. ಈಗ ಆ ಕೈ ಕಿವಿಯ ಮಟ್ಟ ದಾಟಿ, ಒಂದೊಂದೇ ಬೆರಳಿನಷ್ಟು ಏರುತ್ತಿತ್ತು. ಅವಳ ಕಣ್ಣು ಗೋಡೆಯ ಮೇಲಿನ ಸೂಪರಿಂಟೆಂಡೆಂಟರ ಕೈಯ ಮೇಲೇ ನೆಟ್ಟಿತ್ತು. ತನ್ನ ಕೈಯ ಸುದ್ದಿ ಅವಳಿಗೇ ಇನ್ನೂ ಮುಟ್ಟಿದಂತಿರಲಿಲ್ಲ.

"ಇಳಿಸ್ಬೇಡಿ ಸಾರ್," ಟೈಲರಮ್ಮ ಪಿಸುಗುಟ್ಟಿದಳು. "ನಿಮ್ಮ ದಮ್ಮಯ್ಯ."

ಸೂಪರಿಂಟೆಂಡೆಂಟರ ತೋಳು ಜೋಮು ಹಿಡಿಯತೊಡಗಿತ್ತು. ಟೇಪು ಬೆರಳಿನಿಂದ ಜಾರಿ, ಸರ್ರನೆ ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿತ್ತು. ಕೈ ಅಲ್ಲೇ ಇತ್ತು.

"ಸಾರ್, ಎತ್ತರ ಎಷ್ಟು ಅಂತ ಬರ್ಕೊಳ್ಲಿ?" ಎಂದು ಕೇಳಿದ ಬಡಗಿ, ಪೆನ್ಸಿಲು ಹಿಡಿದುಕೊಂಡು.

"ತಡಿಯಪ್ಪ, ಅವಸರ ಏನು," ಎಂದರು ಅವರು, ತುಟಿ ಅಲುಗಿಸದೆ. ಮೆಲ್ಲಗೆ ಬೂಟಿನ ಹಿಮ್ಮಡಿಗಳನ್ನು ನೆಲದಿಂದ ಬಿಡಿಸಿ ತುದಿಗಾಲ ಮೇಲೆ ನಿಂತರು. ಕೈ ಇನ್ನೂ ನಾಲ್ಕು ಬೆರಳು ಮೇಲಕ್ಕೆ ಹೋಯಿತು.