ಬಾಯಾರಿದ ಆರ್ಕಿಡ್

ಹದಿಮೂರನೆಯ ದಿನ ಕಳೆದ ಮೇಲೆ ಸತ್ತವರು ಮನೆಯ ಆರ್ಕಿಡ್ ಗಿಡಕ್ಕೆ ಬಂದು ನೆಲೆಸುವುದು ಆ ಊರಿಗೆ ಹೊಸದೇನಲ್ಲ. ಇಂದುಮತಿಯ ಗಂಡ ರಾಮಶೇಷನೂ ಕಿಟಕಿಯಲ್ಲಿ ತೂಗುವ ಕುಂಡಕ್ಕೆ ಬಂದ. ಸಂಜೆಯ ನೇರಳೆ ಬೆಳಕಿನಲ್ಲಿ ಹೂವು ಅವನ ದನಿಯಲ್ಲಿ ಮೆಲ್ಲಗೆ ಕರೆಯುತ್ತಿತ್ತು: "ಇಂದೂ, ಒಂದು ಲೋಟ ನೀರು ಕೊಡೇ."

ಕರೆದಾಗಲೆಲ್ಲ ಅವಳು ಕೊಟ್ಟಳು. ಕಿಡ್ನಿ ಕೆಟ್ಟವನಿಗೆ ಹನಿ ನೀರೂ ಕೂಡದೆಂದು ಡಾಕ್ಟರು ಹೇಳಿದ್ದರಿಂದ, ಆಸ್ಪತ್ರೆಯಲ್ಲಿ ಕೊನೆಯ ದಿನ ಅವನು ಕೇಳಿದ ನೀರನ್ನು ಅವಳು ಕೊಟ್ಟಿರಲಿಲ್ಲ.

ಎಲೆಗಳು ಹಳದಿಯಾಗಿ ಕುಂಡ ಗಬ್ಬು ನಾರತೊಡಗಿದಾಗ ಪಕ್ಕದ ಮನೆಯ ಪಂಕಜಮ್ಮ ಬಂದು ಬೇರು ಹಿಸುಕಿ ನೋಡಿದರು. "ನೀರು ಹಾಕೀ ಹಾಕೀ ಕೊಳೆಸಿಬಿಟ್ಟಿದ್ದೀರಲ್ರೀ! ನಮ್ಮ ಕುಂಡದಲ್ಲಿರೋ ಅತ್ತೆನೂ ದಿನಾ ಕಾಫಿ ಕೇಳ್ತಾರೆ, ಹಾಕ್ತೀನಾ? ಕೊಳೆತದ್ದು ಕತ್ತರಿಸಿ, ನೀರು ನಿಲ್ಸಿ."

ಇಂದುಮತಿ ಚಾಕುವನ್ನು ಒಲೆಯ ಉರಿಯಲ್ಲಿ ಕಾಯಿಸಿ ಆರಿಸಿದಳು. ಮೆತ್ತಗಾದ ಕಂದು ಬೇರುಗಳನ್ನೆಲ್ಲ ಕತ್ತರಿಸಿ, ಮತ್ತೆ ಕೊಳೆಯದಿರಲೆಂದು ಗಾಯಕ್ಕೆ ಚಕ್ಕೆಪುಡಿ ಉದುರಿಸಿದಳು.

"ನೋವಾಯ್ತೇನ್ರೀ?"

"ಇಲ್ಲ. ಪಲಾವ್ ಮಾಡ್ತಿದ್ದೀಯಾ? ಘಮ್ಮಂತಿದೆ." ತುಸು ಹೊತ್ತಿನ ಮೇಲೆ ಮತ್ತೆ, "ಇಂದೂ, ನೀರು."

ಅಭ್ಯಾಸಬಲದಿಂದ ಅವಳು ಲೋಟ ತುಂಬಿ ತಂದುಬಿಟ್ಟಿದ್ದಳು. ಕುಂಡದ ಮುಂದೆ ನಿಂತು, "ಇಲ್ಲ ರೀ, ಕೊಡಲ್ಲ," ಎಂದಳು.

ಹೂವು ಗಾಳಿಯಿಲ್ಲದೆಯೂ ಒಮ್ಮೆ ತೂಗಿತು. "ಅವತ್ತು ಆಸ್ಪತ್ರೇಲೂ ನೀನು ಹೀಗೇ ಲೋಟ ಹಿಡ್ಕೊಂಡು ನಿಂತಿದ್ದೆ. ನಾನು ನೋಡ್ದೆ ಕಣೇ. ಇಡೀ ದಿನ ನೀನೂ ನೀರು ಮುಟ್ಟಲಿಲ್ಲ. ಅದನ್ನ ನೀನೇ ಕುಡಿ."

ಇಂದುಮತಿ ಕಿಟಕಿಯ ಬಳಿ ಕೂತು, ಲೋಟ ಖಾಲಿಯಾಗುವವರೆಗೂ ಕುಡಿದಳು.