ಆರು ಗಂಟೆ ಹತ್ತು ನಿಮಿಷದ ಬಿಸಿಲು

ಹೊಸ ಕಾರು ಸಂಜೆ ಐದಕ್ಕೆ ಬರುವುದಿತ್ತು. ಜಿನಿಯಾ ಮೊಳಕೆಗಳು ಬೆಳಿಗ್ಗೆ ಆರಕ್ಕೇ ಬಂದುಬಿಟ್ಟಿದ್ದವು. ಅದೂ ಗೇಟಿನ ಒಳಗೆ, ಕಾರು ನಿಲ್ಲಬೇಕಾದ ಜಾಗದ ನಟ್ಟನಡುವೆ.

ಕೆಲಸದ ಮೇಲೆ ವಾರವೆಲ್ಲ ಹೊರಗಿದ್ದು ಮರಳಿದ ತಮ್ಮ, ಹಲ್ಲುಜ್ಜುತ್ತ ಅಂಗಳಕ್ಕೆ ಬಂದವನು ಹಾಗೇ ನಿಂತ. “ಇದೇನಕ್ಕ?”

“ಹತ್ತೊಂಬತ್ತು ಮೊಳೆತಿವೆ. ಇಪ್ಪತ್ತು ಹಾಕಿದ್ದೆ. ಒಂದು ಇನ್ನೂ ಯೋಚನೆ ಮಾಡ್ತಿದೆ,” ಎಂದಳು ಅಕ್ಕ, ತಲೆಯೆತ್ತದೆ. ಮೂವತ್ತು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು, ಎಣಿಸದೆ ಮಾತಾಡುವವಳಲ್ಲ.

“ಹೂವಿನ ಗಿಡಕ್ಕೆ ಹಿತ್ತಲು ಇಲ್ವಾ?”

“ಹಿತ್ತಲಲ್ಲಿ ಬಿಸಿಲು ಎರಡು ಗಂಟೆ. ಟ್ಯಾಂಕಿನ ಪಕ್ಕ ಮೂರೂವರೆ. ಇಲ್ಲಿ ಆರು ಗಂಟೆ ಹತ್ತು ನಿಮಿಷ.” ಹೋದ ತಿಂಗಳು ಅವಳು ಗಂಟೆಗೊಮ್ಮೆ ಬಿಸಿಲಿನ ಅಂಚಿಗೆ ಸುಣ್ಣದ ಗೆರೆ ಎಳೆದದ್ದನ್ನು ಅವನು ಮಕ್ಕಳ ಆಟವೆಂದುಕೊಂಡಿದ್ದ. “ಆರಕ್ಕಿಂತ ಕಮ್ಮಿಯಾದ್ರೆ ಇದು ಸರಿಯಾಗಿ ಹೂ ಬಿಡಲ್ಲ. ಜಾಗ ಆರಿಸಿದ್ದು ನಾನಲ್ಲ, ಬಿಸಿಲು.”

“ಸಂಜೆ ಕಾರು ಬರುತ್ತಲ್ಲಕ್ಕ!”

“ಕಾರಿಗೆ ಬಿಸಿಲು ಬೇಕಾ? ಬಣ್ಣ ಹೋಗುತ್ತೆ ಅಂತ ಅದು ಬರೋ ಮೊದಲೇ ಹೊದಿಕೆ ತಂದಿಟ್ಟವನು ನೀನೇ.”

ತಮ್ಮ ಒಳಗೆ ಹೋಗಿ ಬಾಯಿ ಮುಕ್ಕಳಿಸಿ, ಗುದ್ದಲಿ ಹಿಡಿದು ಬಂದು ಗೇಟಿನ ಕಡೆಯಿಂದ ಎದುರು ನಿಂತ. ಅವನು ಜಗಳಗಂಟನಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವನು. ಅವನ ಮದುವೆಯಾದಾಗ ಅಕ್ಕನ ಮಂಚ ಮುಂದಿನ ಕೋಣೆಯಿಂದ ನಡುಕೋಣೆಗೆ ಹೋದದ್ದು, ಮಗು ಹುಟ್ಟಿದಾಗ ಅಲ್ಲಿಂದ ಮೆಟ್ಟಿಲ ಕೆಳಗೆ, ಮಗುವಿಗೆ ಓದುವ ಮೇಜು ಬಂದಾಗ ಅಡುಗೆಮನೆ ಪಕ್ಕದ ಉಗ್ರಾಣಕ್ಕೆ, ಎಲ್ಲವೂ ಅದೇ ನಯದ ದನಿಯಲ್ಲಿ. ಮನೆಪತ್ರದಲ್ಲಿ ಇಬ್ಬರ ಹೆಸರೂ ಇತ್ತು. ಆ ಮಾತನ್ನು ಅವಳು ಎಂದೂ ಎತ್ತಲಿಲ್ಲ. ಪ್ರತಿ ಸಲ ಹಾಸಿಗೆಯನ್ನು ತಾನೇ ಸುತ್ತಿಕೊಂಡಿದ್ದಳು.

“ಮಣ್ಣು ಸಮೇತ ಎತ್ತಿ ಹಿತ್ತಲಲ್ಲಿ ಇಡ್ತೀನಕ್ಕ. ಬೇರಿಗೆ ಏನೂ ಆಗಲ್ಲ.”

“ಕಿತ್ತು ನೆಟ್ಟರೆ ಒಗ್ಗೋ ಜಾತಿ ಅಲ್ಲ ಇದು.”

“ಎರಡು ದಿನ ಬಾಡುತ್ತೆ. ಆಮೇಲೆ ಹೊಂದ್ಕೊಳ್ಳುತ್ತೆ ಬಿಡು.”

ಅಕ್ಕ ಎದ್ದು ನಿಂತಳು. ಮೊಣಕಾಲಿಗೆ ಮೆತ್ತಿದ ಮಣ್ಣನ್ನು ಕೊಡವಿಕೊಳ್ಳಲಿಲ್ಲ. “ಹೊಂದ್ಕೊಂಡಿದ್ದು ನೋಡಿ ನೋಡಿ ನಿನಗೆ ಅಭ್ಯಾಸ ಆಗಿಬಿಟ್ಟಿದೆ, ಅಲ್ವೇನೋ?”

ಹಿಡಿತ ಸಡಿಲಾಗಿದ್ದ ಗುದ್ದಲಿಯನ್ನು ಅವಳು ತಮ್ಮನ ಕೈಯಿಂದ ತೆಗೆದುಕೊಂಡಳು. “ಇನ್ನೊಂದು ಪೊಟ್ಟಣ ಬೀಜ ಇದೆ,” ಎಂದವಳೇ, ಮೊಳಕೆಗಳ ಸಾಲು ಮುಗಿದಲ್ಲಿಂದ ಗೇಟಿನತ್ತ ಅಗೆಯತೊಡಗಿದಳು.

“ಕಾಲು ತೆಗಿ.”

ಅವನು ಒಂದು ಹೆಜ್ಜೆ ಹಿಂದೆ ಸರಿದ. ಗುದ್ದಲಿ ಮತ್ತೆ ಬಿತ್ತು. ಇನ್ನೊಂದು ಹೆಜ್ಜೆ. ಹಸಿ ಮಣ್ಣು ಅವನ ಚಪ್ಪಲಿಯ ತುದಿಗೇ ಬಂದು ಬಂದು ಬೀಳುತ್ತಿತ್ತು. ಕೊನೆಗೆ ಅವನ ಬೆನ್ನಿಗೆ ಗೇಟಿನ ತಣ್ಣನೆಯ ಕಬ್ಬಿಣ ತಾಗಿತು.