ತಾಮ್ರ ಉಜ್ಜುವವಳು

ಕೋಪನ್‌ಹೇಗನ್ನಿನ ಒಂದು ಅಂಗಡಿಯಲ್ಲಿ ಚಿತ್ರದ ಅಚ್ಚಿಗೆ ತಾಮ್ರದ ತಗಡು ಕೆತ್ತುತ್ತಿದ್ದವಳು ಮಾರೆನ್. ಚಿತ್ರದ ಕೆಳಗಿನ ಹೆಸರು ಮಾತ್ರ ಗಂಡನದು. ಗಿರಾಕಿಗಳು ವಿಚಾರಿಸಿದರೆ, "ಇವಳಾ? ಬರೀ ತಾಮ್ರ ಉಜ್ಜುವವಳು ಬಿಡಿ," ಎಂದು ನಗುತ್ತಿದ್ದ.

ಒಂದು ದಿನ ಅವನೇ ಒಂದು ಚಿತ್ರ ಬರೆದು ತಂದ. ಒಂದೇ ಕಡೆ ಸುರುಳಿ ಸುತ್ತಿದ ಮೀಸೆಯ ಹಂದಿ.

"ಮಕ್ಕಳ ಕತೆಗೆ ಕಣೇ. ಈ ಸಲ ನಿನ್ನ ಹೆಸರೇ ಹಾಕ್ಕೋ."

"ನಿಜವಾಗ್ಲೂ? ನನ್ನ ಹೆಸರಾ?"

"ಎಷ್ಟಂತ ನಿನ್ನ ಹೊಗಳಿಕೆ ನಾನು ನುಂಗ್ಲಿ, ಹೇಳು?"

ಅಚ್ಚಿನಲ್ಲಿ ನೆಟ್ಟಗೆ ಮೂಡಬೇಕಲ್ಲ, ಅದಕ್ಕೆ ಅವಳು ತಗಡಿನ ಮೇಲೆ ತನ್ನ ಹೆಸರನ್ನು ಹಿಂದುಮುಂದಾಗಿ ಕೆತ್ತಿದಳು. ಖುಷಿಯ ಭರದಲ್ಲಿ ಒಂದು ಅಕ್ಷರ ಸೊಟ್ಟಗಾಯಿತು.

ಸಂತೆಯಲ್ಲಿ ಚಿತ್ರ ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು. ಮಾರೆನ್ ಕೂಡ ನಕ್ಕಳು. ಅರಮನೆಗೆ ಹೋಗಿಬರುತ್ತಿದ್ದವನು ಗಂಡ. ಅವಳು ದೊರೆಯ ಮುಖವನ್ನೇ ಕಂಡವಳಲ್ಲ.

ಮರುದಿನ ಬೆಳಿಗ್ಗೆ ರಾಜಭಟರು ಆ ಚಿತ್ರ ಹಿಡಿದು ಬಂದರು.

"ನಮ್ಮ ದೊರೆಗಳನ್ನು ಹಂದಿ ಮಾಡಿದ್ದು ಯಾರು?"

ಮಾರೆನ್ ಗಂಡನ ಕಡೆ ನೋಡಿದಳು.

"ಕೆಳಗೆ ಹೆಸರಿದೆಯಲ್ಲ ಸ್ವಾಮಿ," ಎಂದ ಅವನು. "ನಾನು ಬರೀ ತಾಮ್ರ ಉಜ್ಜುವವನು."